ಆನ್ ಆಗುತ್ತಲೇ ಆಫ್ ಆಗುವ ಡೆಸ್ಕ್‌ಟಾಪ್: ದೋಷ ಹಿಡಿಯುವ ಸರಿಯಾದ ಕ್ರಮ

ಬಟನ್ ಒತ್ತುತ್ತೀರಿ. ಫ್ಯಾನ್ ತಿರುಗುತ್ತದೆ, ಲೈಟ್ ಹತ್ತುತ್ತದೆ, ಅಷ್ಟರಲ್ಲಿ ಟಕ್ ಅಂತ ಎಲ್ಲ ಆಫ್. ಇನ್ನೊಮ್ಮೆ ಒತ್ತಿದರೆ ವಿಂಡೋಸ್ ಲೋಗೋ ತನಕ ಬಂದು ಮತ್ತೆ ಆಫ್. ಮೂರನೇ ಸಲ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಪೂರ್ತಿ ಆನ್ ಆಗಿ ಕೂರುತ್ತದೆ.

ಈ ತೊಂದರೆ ಬಂದಾಗ ಹೆಚ್ಚಿನವರು ಒಂದೇ ರೀತಿ ಎಡವುತ್ತಾರೆ. ಮೊದಲು ವಿಂಡೋಸ್ ಅಳಿಸಿ ಹೊಸದಾಗಿ ಹಾಕುತ್ತಾರೆ. ಸರಿಹೋಗಲಿಲ್ಲ ಅಂತ ರ‍್ಯಾಮ್ ಬದಲಿಸುತ್ತಾರೆ, ಆಮೇಲೆ ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೂ ಕರೆಂಟ್ ಕೊಡುವ ಡಬ್ಬಿ), ಆಮೇಲೆ ಮದರ್‌ಬೋರ್ಡ್ (ಎಲ್ಲ ಭಾಗಗಳೂ ಸೇರುವ ದೊಡ್ಡ ಬೋರ್ಡ್). ಕೊನೆಗೆ ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ಗೊತ್ತಿರುವುದಿಲ್ಲ. ಮುಂದಿನ ವಾರ ಮತ್ತೆ ಅದೇ ಕತೆ.

ಬಿಡಿಭಾಗ ಕೊಳ್ಳುವ ಮೊದಲು ಸೆಕೆಂಡು ಎಣಿಸಿ. ಬಟನ್ ಒತ್ತಿದ ಎಷ್ಟು ಹೊತ್ತಿಗೆ ಆಫ್ ಆಯಿತು ಅನ್ನುವುದರಿಂದಲೇ ಎಲ್ಲಿ ಹುಡುಕಬೇಕು ಅಂತ ಗೊತ್ತಾಗುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಆ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದದ್ದು

ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಣ ಬ್ರಷ್, ಟಾರ್ಚ್, ಥರ್ಮಲ್ ಪೇಸ್ಟ್, ಐಸೋಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಬಟ್ಟೆ. ಮಲ್ಟಿಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಮುಕ್ಕಾಲು ಕೆಲಸ ಆಗುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದು ಪುಸ್ತಕ, ಪೆನ್ನು ಮತ್ತು ಮೊಬೈಲ್. ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಇದೆ, ಕ್ಯಾಮೆರಾ ಇದೆ. ಯಾವ ಕೇಬಲ್ ಕೀಳುವ ಮೊದಲೂ ಅದರ ಫೋಟೋ ತೆಗೆಯಿರಿ.

## ಮುಟ್ಟುವ ಮೊದಲು

ಕ್ಯಾಬಿನೆಟ್ ತೆರೆಯುವಾಗ ಪ್ರತಿ ಸಲವೂ ಗೋಡೆಯ ಸ್ವಿಚ್ ಆಫ್ ಮಾಡಿ, ಪವರ್ ಕೇಬಲ್ ಕಿತ್ತು, ಪವರ್ ಬಟನ್ ಅನ್ನು 10 ಸೆಕೆಂಡು ಒತ್ತಿ ಹಿಡಿಯಿರಿ. ಮದರ್‌ಬೋರ್ಡ್‌ನಲ್ಲಿ ಉಳಿದ ಕರೆಂಟ್ ಇದರಿಂದ ಖಾಲಿಯಾಗುತ್ತದೆ. ಆಮೇಲೆ ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹದ ಭಾಗವನ್ನು ಕೈಯಿಂದ ಮುಟ್ಟಿ. ಆಗ ಮೈಯಲ್ಲಿರುವ ಸ್ಟ್ಯಾಟಿಕ್ ಚಾರ್ಜ್ ಬಿಡಿಭಾಗಗಳಿಗೆ ಹಾದುಹೋಗುವುದಿಲ್ಲ.

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ (ಕರೆಂಟ್ ತುಂಬಿಟ್ಟುಕೊಳ್ಳುವ ಸಣ್ಣ ಡಬ್ಬಿಯಂಥ ಭಾಗಗಳು) ಪ್ರಾಣಕ್ಕೇ ಅಪಾಯವಾಗುವಷ್ಟು ವೋಲ್ಟೇಜ್ ಉಳಿದಿರಬಹುದು.

ಸುಟ್ಟ ವಾಸನೆ, ಹೊಗೆ, ಕಿಡಿ, ಕರಗಿದ ಕನೆಕ್ಟರ್, ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುವ ಶಾಕ್. ಇದರಲ್ಲಿ ಒಂದು ಕಂಡರೂ ಮತ್ತೆ ಆನ್ ಮಾಡಬೇಡಿ. "ಇನ್ನೊಂದು ಸಲ ನೋಡೋಣ" ಅಂತ ಒತ್ತಿದಾಗಲೇ ಒಂದು ಭಾಗದ ದೋಷ ಮೂರು ಭಾಗಕ್ಕೆ ಹರಡುವುದು.

ಇನ್ನೊಂದು ಮಾತು. ಯಂತ್ರ ಅಪರೂಪಕ್ಕೆ ಪೂರ್ತಿ ಆನ್ ಆಗಿ ನಿಂತರೆ ಮೊದಲು ಮುಖ್ಯವಾದ ಫೈಲ್‌ಗಳನ್ನು ಬೇರೆ ಕಡೆ ಕಾಪಿ ಮಾಡಿ. ಪದೇ ಪದೇ ಅರ್ಧದಲ್ಲಿ ಆಫ್ ಆಗುವುದರಿಂದ ಫೈಲ್‌ಗಳು ಹಾಳಾಗಬಹುದು. ದೋಷ ಹುಡುಕುವ ಕೆಲಸ ಆಮೇಲೆ.

## ಹಂತ 1: ಸೆಕೆಂಡು ಎಣಿಸಿ, ಬರೆದಿಡಿ

ಯಂತ್ರ ಪೂರ್ತಿ ತಣ್ಣಗಿರುವಾಗ ಶುರು ಮಾಡಿ. ಸ್ಟಾಪ್‌ವಾಚ್ ಹಿಡಿದು ಐದು ಸಲ ಆನ್ ಮಾಡಿ. ಪ್ರತಿ ಸಲವೂ ಎಷ್ಟು ಸೆಕೆಂಡಿಗೆ ಆಫ್ ಆಯಿತು, ಆಗ ಪರದೆ ಮೇಲೆ ಏನಿತ್ತು, ಆಫ್ ಆಗಿ ಸುಮ್ನೆ ಉಳಿಯಿತೋ ಅಥವಾ ತಾನಾಗಿಯೇ ಮತ್ತೆ ಆನ್ ಆಯಿತೋ ಅಂತ ಬರೆಯಿರಿ.

ಒಂದೆರಡು ಸೆಕೆಂಡಿನೊಳಗೆ ಆಫ್ ಆಗುತ್ತಿದ್ದರೆ ಎಲ್ಲೋ ಶಾರ್ಟ್ ಆಗುತ್ತಿದೆ, ಇಲ್ಲವೇ ಪ್ರೊಸೆಸರ್‌ಗೆ ಹೋಗುವ ಪವರ್ ಕೇಬಲ್ ಸರಿಯಾಗಿ ಕೂತಿಲ್ಲ, ಇಲ್ಲವೇ ಎಸ್‌ಎಂಪಿಎಸ್ ತನ್ನನ್ನು ತಾನೇ ಕಾಪಾಡಿಕೊಳ್ಳಲು ಆಫ್ ಆಗುತ್ತಿದೆ. ಹಂತ 5 ಮತ್ತು 6 ನಿಮಗೆ ಮುಖ್ಯ.

ಪ್ರತಿ ಸಲವೂ ಗಡಿಯಾರ ಇಟ್ಟ ಹಾಗೆ ಸುಮಾರು 4 ಅಥವಾ 5 ಸೆಕೆಂಡಿಗೇ ಆಫ್ ಆದರೆ ಪವರ್ ಬಟನ್ ಮೇಲೆ ಅನುಮಾನ ಪಡಿ. ಬಟನ್ ಅನ್ನು 4 ಸೆಕೆಂಡು ಒತ್ತಿ ಹಿಡಿದರೆ ಯಂತ್ರ ಬಲವಂತವಾಗಿ ಆಫ್ ಆಗುತ್ತದೆ, ಅಲ್ವಾ? ಸಿಕ್ಕಿಹಾಕಿಕೊಂಡ ಬಟನ್ ಮಾಡುವುದೂ ಅದನ್ನೇ.

ಅರ್ಧ ನಿಮಿಷ, ಒಂದು ನಿಮಿಷ ನಡೆದು, ಮರುಪ್ರಯತ್ನದಲ್ಲಿ ಇನ್ನೂ ಬೇಗ ಆಫ್ ಆಗುತ್ತಾ ಹೋದರೆ ಅದು ಬಿಸಿಯ ದೋಷ. ಇದಕ್ಕೆ ಉಲ್ಟಾ, ತಣ್ಣಗಿದ್ದಾಗ ಆಫ್ ಆಗಿ, ನಾಲ್ಕೈದು ಸಲ ಒತ್ತಿದ ಮೇಲೆ ನೆಟ್ಟಗೆ ನಡೆದರೆ, ಎಸ್‌ಎಂಪಿಎಸ್‌ನ ಅಥವಾ ಬೋರ್ಡ್‌ನ ಕೆಪಾಸಿಟರ್‌ಗಳು ಹಳತಾಗಿ ಸೋತಿರುವ ಸಾಧ್ಯತೆ ಜಾಸ್ತಿ.

ವಿಂಡೋಸ್ ಲೋಗೋ ಬಂದ ಮೇಲೆ ಅಥವಾ ಡೆಸ್ಕ್‌ಟಾಪ್ ಕಾಣಿಸಿಕೊಳ್ಳುವ ಹೊತ್ತಿಗೆ ಆಫ್ ಆದರೆ ಅದನ್ನು ಸಾಫ್ಟ್‌ವೇರ್ ದೋಷ ಅಂತ ತೀರ್ಮಾನಿಸಬೇಡಿ. ಆ ಹೊತ್ತಿಗೇ ಡ್ರೈವರ್‌ಗಳು (ಒಂದೊಂದು ಭಾಗವನ್ನು ನಡೆಸುವ ಪ್ರೋಗ್ರಾಮ್‌ಗಳು) ಲೋಡ್ ಆಗಿ, ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುವುದು. ಸೋತ ಎಸ್‌ಎಂಪಿಎಸ್ ಕೈಬಿಡುವುದೂ ಆಗಲೇ.

ಡಿಡಿಆರ್5 ರ‍್ಯಾಮ್ ಇರುವ ಹೊಸ ಯಂತ್ರಗಳಲ್ಲಿ ಒಂದು ವಿಷಯ ನೆನಪಿರಲಿ. ರ‍್ಯಾಮ್ ಬದಲಿಸಿದ ಮೇಲೆ ಅಥವಾ ಬಯೋಸ್ (ವಿಂಡೋಸ್‌ಗೂ ಮೊದಲು ನಡೆಯುವ, ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಮ್) ಸೆಟ್ಟಿಂಗ್ ಅಳಿಸಿದ ಮೇಲೆ ಮೊದಲ ಸಲ ಆನ್ ಆಗುವಾಗ ಪರದೆ ಕೆಲವು ನಿಮಿಷ ಕಪ್ಪಗೇ ಇರಬಹುದು, ಯಂತ್ರ ತಾನಾಗಿ ಒಂದೆರಡು ಸಲ ಆಫ್ ಆಗಿ ಆನ್ ಆಗಬಹುದು. ಅದು ರ‍್ಯಾಮ್ ಅನ್ನು ಹೊಂದಿಸಿಕೊಳ್ಳುತ್ತಿರುತ್ತದೆ. ಗಾಬರಿಯಾಗಿ ಪ್ಲಗ್ ಕೀಳಬೇಡಿ.

## ಹಂತ 2: ಕ್ಯಾಬಿನೆಟ್ ಹೊರಗಿನದನ್ನು ಮುಗಿಸಿ

ಯುಪಿಎಸ್ ಮತ್ತು ಎಕ್ಸ್‌ಟೆನ್ಷನ್ ಬೋರ್ಡ್ ತೆಗೆದು ಪವರ್ ಕೇಬಲ್ ಅನ್ನು ಗೋಡೆಯ ಸಾಕೆಟ್‌ಗೆ ನೇರವಾಗಿ ಹಾಕಿ. ಆಗ ಸರಿಹೋದರೆ ದೋಷ ಯುಪಿಎಸ್‌ನಲ್ಲಿ ಅಥವಾ ಎಕ್ಸ್‌ಟೆನ್ಷನ್ ಬೋರ್ಡ್‌ನಲ್ಲಿದೆ. ಬ್ಯಾಟರಿ ಸೋತಿರುವ ಯುಪಿಎಸ್ ಸಣ್ಣ ಏರಿಳಿತ ಬಂದರೂ ಕೈಬಿಡುತ್ತದೆ. ಎಸ್‌ಎಂಪಿಎಸ್ ಹಿಂಭಾಗದಲ್ಲಿ ಕೇಬಲ್ ಸಡಿಲವಾಗಿ ಅಲ್ಲಾಡುತ್ತಿದೆಯಾ ನೋಡಿ. ಬೇರೆ ಕೇಬಲ್ ಹಾಕಿ ಪರೀಕ್ಷಿಸಿ. ಮಾನಿಟರ್‌ಗೆ ಹೋಗುವುದೂ ಹೆಚ್ಚಾಗಿ ಇದೇ ತರಹದ ಕೇಬಲ್.

ಆಮೇಲೆ ಎಲ್ಲ ಯುಎಸ್‌ಬಿ ಸಾಮಾನು ಕೀಳಿ. ಕೀಬೋರ್ಡ್, ಮೌಸ್ ಕೂಡ. ಮುಂಭಾಗದ ಯುಎಸ್‌ಬಿ ತೂತುಗಳಿಗೆ ಟಾರ್ಚ್ ಬಿಟ್ಟು ನೋಡಿ. ಒಳಗಿನ ಪಿನ್ ಬಾಗಿ ಲೋಹದ ಅಂಚಿಗೆ ತಾಗಿದ್ದರೆ ಅಷ್ಟೇ ಸಾಕು. ಕೆಲವು ಬೋರ್ಡ್‌ಗಳು ಯುಎಸ್‌ಬಿ ಜಾಸ್ತಿ ಕರೆಂಟ್ ಎಳೆಯುತ್ತಿದೆ, 15 ಸೆಕೆಂಡಿನಲ್ಲಿ ಆಫ್ ಆಗುತ್ತೇನೆ ಅಂತ ಪರದೆ ಮೇಲೆ ಹೇಳಿಯೇ ಆಫ್ ಆಗುತ್ತವೆ. ಹಾಗೆ ಬಂದರೆ ಮುಂಭಾಗದ ಯುಎಸ್‌ಬಿ ಕೇಬಲ್ ಅನ್ನು ಮದರ್‌ಬೋರ್ಡ್‌ನಿಂದ ಕಿತ್ತು ನೋಡಿ.

## ಹಂತ 3: ಪವರ್ ಬಟನ್ ಕಳಚಿ ನೋಡಿ

ನನ್ನದೇ ಕಂಪ್ಯೂಟರ್ ಎರಡು ವಾರ ಕಾಡಿದ್ದು ಇದೇ ಬಟನ್‌ನಿಂದ. ಒತ್ತಿದ ಬಟನ್ ಪೂರ್ತಿ ಹಿಂದೆ ಬರುತ್ತಿರಲಿಲ್ಲ. ಬೆರಳಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಅದಕ್ಕೇ ಈ ಹಂತವನ್ನು ಯಾರಿಗೂ ಬಿಡಲು ಹೇಳುವುದಿಲ್ಲ.

ಕ್ಯಾಬಿನೆಟ್ ಮುಂಭಾಗದಿಂದ ಬರುವ ಸಣ್ಣ ಸಣ್ಣ ವೈರ್‌ಗಳು ಮದರ್‌ಬೋರ್ಡ್‌ನ ಒಂದು ಮೂಲೆಯಲ್ಲಿ ಸೇರುತ್ತವೆ. ಅದರಲ್ಲಿ ಪವರ್ ಸ್ವಿಚ್ ಅಂತ ಬರೆದ ಎರಡು ಪಿನ್ನಿನ ಕನೆಕ್ಟರ್ ಕೀಳಿ. ಪ್ಲಗ್ ಹಾಕಿ, ಸ್ಕ್ರೂಡ್ರೈವರ್ ತುದಿಯಿಂದ ಆ ಎರಡೇ ಪಿನ್‌ಗಳನ್ನು ಒಂದು ಕ್ಷಣ ಮುಟ್ಟಿಸಿ ಬಿಡಿ. ಯಂತ್ರ ಆನ್ ಆಗುತ್ತದೆ. ಇಲ್ಲಿರುವುದು ತೀರಾ ಕಡಿಮೆ ವೋಲ್ಟೇಜ್, ಕೈಗೆ ಏನೂ ಆಗುವುದಿಲ್ಲ. ಆದರೆ ಬೋರ್ಡ್‌ನ ಕೈಪಿಡಿ ನೋಡಿ ಪಿನ್ ಖಚಿತ ಮಾಡಿಕೊಳ್ಳಿ. ಪಕ್ಕದ ಪಿನ್ ಮುಟ್ಟಿಸಿದರೆ ಬೋರ್ಡ್‌ಗೆ ತೊಂದರೆ.

ಹೀಗೆ ಆನ್ ಮಾಡಿದಾಗ ಯಂತ್ರ ಆಫ್ ಆಗದೆ ನಡೆದರೆ ಬಟನ್ ದೋಷ ಖಚಿತ. ಬಟನ್ ಸಿಗುವ ತನಕ ರೀಸೆಟ್ ಬಟನ್ನಿನ ಕನೆಕ್ಟರ್ ಅನ್ನು ಪವರ್ ಪಿನ್‌ಗೆ ಹಾಕಿ. ಎರಡರ ಕೆಲಸವೂ ಒಂದೇ ತರಹ, ಆರಾಮಾಗಿ ನಡೆಯುತ್ತದೆ.

## ಹಂತ 4: ಬಿಸಿ ನೋಡಿ

ಬಯೋಸ್ ಒಳಗೆ ಹೋಗುವಷ್ಟು ಹೊತ್ತು ಯಂತ್ರ ಆಫ್ ಆಗದೆ ಇರುತ್ತದೆಯೇ? ಹಾಗಾದರೆ ಕೀಬೋರ್ಡ್ ಮತ್ತೆ ಹಾಕಿ, ಆನ್ ಆಗುತ್ತಲೇ ಡಿಲೀಟ್ ಅಥವಾ ಎಫ್2 ಕೀ ಒತ್ತುತ್ತಾ ಹೋಗಿ. ಹಾರ್ಡ್‌ವೇರ್ ಮಾನಿಟರ್ ಪುಟದಲ್ಲಿ ಪ್ರೊಸೆಸರ್ ಉಷ್ಣತೆ ಇರುತ್ತದೆ. 35ರಿಂದ 55 ಡಿಗ್ರಿ ಆಸುಪಾಸಿನಲ್ಲಿ ನಿಂತರೆ ಚಿಂತೆ ಇಲ್ಲ. ನೀವು ನೋಡುತ್ತಿದ್ದ ಹಾಗೇ 60, 70, 80 ಅಂತ ಏರುತ್ತಾ ಹೋದರೆ ತಕ್ಷಣ ಆಫ್ ಮಾಡಿ.

ಈಗಿನ ಪ್ರೊಸೆಸರ್‌ಗಳು ಬಿಸಿಯಾದರೆ ಮೊದಲು ವೇಗ ಇಳಿಸಿಕೊಳ್ಳುತ್ತವೆ. ಹೆಚ್ಚಿನವಕ್ಕೆ ಈ ಮಿತಿ 95ರಿಂದ 100 ಡಿಗ್ರಿ. ಅದನ್ನೂ ದಾಟಿದರೆ ಮಾತ್ರ ಆಫ್ ಆಗುತ್ತವೆ. ಹಾಗಾಗಿ ಬರೀ ಧೂಳಿನಿಂದ ಅರ್ಧ ನಿಮಿಷಕ್ಕೇ ಆಫ್ ಆಗುವುದು ಅಪರೂಪ. ಅಷ್ಟು ಬೇಗ ಆಫ್ ಆದರೆ ಹೀಟ್‌ಸಿಂಕ್ (ಬಿಸಿ ಹೀರುವ, ಕೂಲರ್‌ನ ಲೋಹದ ಭಾಗ) ಪ್ರೊಸೆಸರ್‌ಗೆ ತಾಗಿಯೇ ಇಲ್ಲ ಅಂತ ಅರ್ಥ. ನಾಲ್ಕು ಪ್ಲಾಸ್ಟಿಕ್ ಗೂಟಗಳಿಂದ ಕೂರುವ ಕೂಲರ್‌ಗಳಲ್ಲಿ ಒಂದು ಗೂಟ ಮೇಲೆದ್ದರೂ ಸಾಕು, ಇಡೀ ಹೀಟ್‌ಸಿಂಕ್ ಓರೆಯಾಗುತ್ತದೆ. ನಾಲ್ಕನ್ನೂ ಒಂದೊಂದಾಗಿ ಮೆಲ್ಲಗೆ ಅಲ್ಲಾಡಿಸಿ ನೋಡಿ. ಹೊಸದಾಗಿ ಜೋಡಿಸಿದ ಯಂತ್ರವಾದರೆ ಹೀಟ್‌ಸಿಂಕ್ ಅಡಿಯ ಪ್ಲಾಸ್ಟಿಕ್ ಹಾಳೆ ತೆಗೆದಿದ್ದೀರಾ ಅಂತಲೂ ನೋಡಿ. ಅದನ್ನು ತೆಗೆಯಲು ಮರೆಯುವವರು ಬಹಳ ಮಂದಿ.

ನೀರಿನ ಕೂಲರ್ ಇದ್ದರೆ ಎರಡೂ ಪೈಪ್ ಮುಟ್ಟಿ ನೋಡಿ. ಪ್ರೊಸೆಸರ್ ಕುದಿಯುತ್ತಿದ್ದರೂ ಒಂದು ಪೈಪ್ ಬಿಸಿ, ಇನ್ನೊಂದು ತಣ್ಣಗೆ ಇದ್ದರೆ ಪಂಪ್ ನಿಂತಿದೆ.

ಕೂಲರ್ ತೆಗೆಯುವಾಗ ನೇರ ಮೇಲಕ್ಕೆ ಎಳೆಯಬೇಡಿ. ಹಳೆಯ ಪೇಸ್ಟ್ ಅಂಟಿನ ಹಾಗೆ ಹಿಡಿದಿರುತ್ತದೆ. ಪಿನ್ ಇರುವ ಎಎಂಡಿ ಪ್ರೊಸೆಸರ್‌ಗಳು ಸಾಕೆಟ್‌ನಿಂದಲೇ ಕಿತ್ತುಕೊಂಡು ಬರುತ್ತವೆ, ಪಿನ್ ಬಾಗುತ್ತದೆ. ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ತಿರುಗಿಸಿ, ಹಿಡಿತ ಬಿಟ್ಟ ಮೇಲೆ ಎತ್ತಿ. ಎರಡೂ ಮೈಯನ್ನು ಆಲ್ಕೋಹಾಲ್‌ನಿಂದ ಒರೆಸಿ, ಬಟಾಣಿ ಕಾಳಿನಷ್ಟು ಪೇಸ್ಟ್ ನಡುವೆ ಇಟ್ಟು, ಮೂಲೆಯಿಂದ ಎದುರು ಮೂಲೆಗೆ ಸ್ಕ್ರೂ ಬಿಗಿ ಮಾಡುತ್ತಾ ಕೂರಿಸಿ. ಫ್ಯಾನ್ ವೈರ್ ಅನ್ನು ಸಿಪಿಯು ಫ್ಯಾನ್ ಅಂತ ಬರೆದ ಜಾಗಕ್ಕೇ ಹಾಕಿ. ಬೇರೆ ಕಡೆ ಹಾಕಿದರೆ ಫ್ಯಾನ್ ತಿರುಗುತ್ತಿದ್ದರೂ ಅದು ಇಲ್ಲ ಅಂತ ತಿಳಿದು ಕೆಲವು ಬೋರ್ಡ್‌ಗಳು ಮುಂದೆ ಹೋಗುವುದಿಲ್ಲ.

ಧೂಳು ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ. ಗಾಳಿಯ ರಭಸಕ್ಕೆ ಅದು ಅತಿ ವೇಗವಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

## ಹಂತ 5: ಎಲ್ಲ ಕಳಚಿ, ಒಂದೊಂದಾಗಿ ಸೇರಿಸಿ

ಇಡೀ ಕೆಲಸದ ಜೀವಾಳ ಈ ಹಂತ. ಆತುರ ಬೇಡ.

ಮೊದಲು ಎರಡು ಪವರ್ ಕೇಬಲ್ ನೋಡಿ. 24 ಪಿನ್ನಿನ ದೊಡ್ಡದು ಬೋರ್ಡ್‌ನ ಅಂಚಿನಲ್ಲಿ ಇರುತ್ತದೆ. 4 ಅಥವಾ 8 ಪಿನ್ನಿನದು ಪ್ರೊಸೆಸರ್ ಪಕ್ಕದಲ್ಲಿ, ಮೇಲಿನ ಮೂಲೆಯಲ್ಲಿ ಇರುತ್ತದೆ. ಎರಡನ್ನೂ ಪೂರ್ತಿ ಕಿತ್ತು, ಕೊಕ್ಕೆ ಕಟಕ್ ಅನ್ನುವ ತನಕ ಮತ್ತೆ ಒತ್ತಿ. ಕಣ್ಣಿಗೆ ಸರಿಯಾಗಿ ಕಂಡರೂ ಅರ್ಧ ಕೂತಿರುವ ಕೇಬಲ್ ಬಹಳ ಸಲ ಸಿಗುತ್ತದೆ.

ಈಗ ಬೋರ್ಡ್, ಪ್ರೊಸೆಸರ್, ಕೂಲರ್, ಒಂದೇ ಒಂದು ರ‍್ಯಾಮ್ ಇಷ್ಟನ್ನು ಬಿಟ್ಟು ಉಳಿದದ್ದೆಲ್ಲ ಕಳಚಿ. ಗ್ರಾಫಿಕ್ಸ್ ಕಾರ್ಡ್, ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ, ಕ್ಯಾಬಿನೆಟ್ ಫ್ಯಾನ್, ಬಣ್ಣದ ಲೈಟ್ ಎಲ್ಲವೂ ಹೊರಗೆ. ಡಿಸ್ಕ್ ಕಳಚಿದ್ದರಿಂದ ಇನ್ನೊಂದು ಲಾಭ ಇದೆ. ನೂರು ಸಲ ಆನ್ ಆಫ್ ಮಾಡಿದರೂ ನಿಮ್ಮ ಫೈಲ್‌ಗೆ ಏನೂ ಆಗುವುದಿಲ್ಲ.

ನಾಲ್ಕು ಸ್ಲಾಟ್ ಇರುವ ಬೋರ್ಡ್‌ಗಳಲ್ಲಿ ಒಂದೇ ರ‍್ಯಾಮ್ ಹಾಕುವುದಾದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದಕ್ಕೆ ಹಾಕಬೇಕು. ಆಮೇಲೆ ಬೋರ್ಡ್ ಮೇಲಿನ ಗುಂಡು ಬ್ಯಾಟರಿ ತೆಗೆದು, ಪ್ಲಗ್ ಕಿತ್ತಿರುವಾಗಲೇ ಐದು ನಿಮಿಷ ಬಿಟ್ಟು ಮತ್ತೆ ಹಾಕಿ. ಹೆಚ್ಚಿನ ಬೋರ್ಡ್‌ಗಳಲ್ಲಿ ಇರುವುದು ಸಿಆರ್2032 ಅನ್ನುವ 3 ವೋಲ್ಟಿನ ಬ್ಯಾಟರಿ. ವೇಗ ಹೆಚ್ಚಿಸಲು ಮಾಡಿದ ಓವರ್‌ಕ್ಲಾಕ್, ಎಕ್ಸ್‌ಎಂಪಿ ತರಹದ ಸೆಟ್ಟಿಂಗ್‌ಗಳೆಲ್ಲ ಇದರಿಂದ ಅಳಿದು ಬಯೋಸ್ ಮೊದಲಿನ ಸ್ಥಿತಿಗೆ ಬರುತ್ತದೆ.

ಪ್ರೊಸೆಸರ್ ಒಳಗೇ ಗ್ರಾಫಿಕ್ಸ್ ಇಲ್ಲದಿದ್ದರೆ ಈಗ ಪರದೆ ಕಪ್ಪಗಿರುತ್ತದೆ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇರುವವು ಈ ಜಾತಿಯವು. ಪರವಾಗಿಲ್ಲ. ಈಗ ನಮಗೆ ಬೇಕಾದದ್ದು ಚಿತ್ರ ಅಲ್ಲ, ಫ್ಯಾನ್ ನಿಲ್ಲದೆ ತಿರುಗುತ್ತದಾ ಅನ್ನುವುದು. ಬೋರ್ಡ್ ಮೇಲೆ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್ ಅಂತ ನಾಲ್ಕು ಸಣ್ಣ ಲೈಟ್ ಇದ್ದರೆ ಆಫ್ ಆಗುವ ಕ್ಷಣದಲ್ಲಿ ಯಾವುದು ಹತ್ತಿತ್ತು ಅಂತ ಮೊಬೈಲ್‌ನಲ್ಲಿ ವಿಡಿಯೋ ಮಾಡಿ.

ಹತ್ತು ನಿಮಿಷ ಆಫ್ ಆಗದೆ ನಡೆದರೆ ತಳಪಾಯ ಗಟ್ಟಿಯಾಗಿದೆ. ಪ್ಲಗ್ ಕಿತ್ತು ಒಂದು ಭಾಗ ಸೇರಿಸಿ, ಮೂರು ಸಲ ಆನ್ ಮಾಡಿ ನೋಡಿ. ಮೊದಲು ಎರಡನೇ ರ‍್ಯಾಮ್, ಆಮೇಲೆ ಡಿಸ್ಕ್, ಆಮೇಲೆ ಫ್ಯಾನ್‌ಗಳು, ಕೊನೆಗೆ ಗ್ರಾಫಿಕ್ಸ್ ಕಾರ್ಡ್. ಯಾವುದು ಸೇರಿದಾಗ ಮತ್ತೆ ಆಫ್ ಆಯಿತೋ ಅದು, ಅದರ ಕೇಬಲ್, ಅದರ ಸ್ಲಾಟ್ ಈ ಮೂರರಲ್ಲೇ ದೋಷ. ಗ್ರಾಫಿಕ್ಸ್ ಕಾರ್ಡ್ ಸೇರಿದಾಗ ಮಾತ್ರ ಆಫ್ ಆದರೆ ಕಾರ್ಡನ್ನೇ ದೂರಬೇಡಿ. ಅದಕ್ಕೆ ಬೇಕಾದಷ್ಟು ಕರೆಂಟ್ ಕೊಡಲು ಎಸ್‌ಎಂಪಿಎಸ್‌ಗೆ ಆಗುತ್ತಿಲ್ಲದೆಯೂ ಇರಬಹುದು.

## ಹಂತ 6: ಇಷ್ಟಾದರೂ ಆಫ್ ಆಗುವುದು ನಿಲ್ಲದಿದ್ದರೆ ಬೋರ್ಡ್ ಹೊರಗೆ ತನ್ನಿ

ಬೋರ್ಡ್ ಅನ್ನು ಕ್ಯಾಬಿನೆಟ್‌ನಿಂದ ತೆಗೆದು ಒಣಗಿದ ರಟ್ಟಿನ ಡಬ್ಬಿಯ ಮೇಲೆ ಇಡಿ. ಬೋರ್ಡ್ ಜೊತೆ ಬಂದ ಬೆಳ್ಳಿ ಬಣ್ಣದ ಚೀಲದ ಮೇಲೆ ಇಡಬೇಡಿ, ಅದರ ಹೊರಮೈ ಕರೆಂಟ್ ಹರಿಸಬಹುದು. ಹೊರಗೆ ಸರಿಯಾಗಿ ನಡೆದರೆ ಕ್ಯಾಬಿನೆಟ್ ಒಳಗೆ ಶಾರ್ಟ್ ಇದೆ. ಬೋರ್ಡ್ ಕೂರುವ ಹಿತ್ತಾಳೆಯ ಕಾಲುಗಳನ್ನು ಎಣಿಸಿ. ಬೋರ್ಡ್‌ನಲ್ಲಿ ತೂತು ಇಲ್ಲದ ಕಡೆ ಒಂದು ಕಾಲು ಉಳಿದಿದ್ದರೆ ಅದು ಹಿಂಬದಿಗೆ ತಾಗುತ್ತದೆ. ಬಿದ್ದುಹೋದ ಸ್ಕ್ರೂ ಕೂಡ ಹೀಗೇ ಮಾಡುತ್ತದೆ.

ಹೊರಗಿರುವಾಗಲೇ ಕೆಪಾಸಿಟರ್‌ಗಳನ್ನು ನೋಡಿ. ತಲೆ ಉಬ್ಬಿದ್ದರೆ, ಬುಡದಲ್ಲಿ ಕಂದು ಬಣ್ಣದ ಅಂಟು ಒಸರಿದ್ದರೆ ಬೋರ್ಡ್ ದುರಸ್ತಿಗೇ ಹೋಗಬೇಕು.

## ಹಂತ 7: ಎಸ್‌ಎಂಪಿಎಸ್

24 ಪಿನ್ನಿನ ಕನೆಕ್ಟರ್‌ನಲ್ಲಿ ಹಸಿರು ವೈರ್ ಮತ್ತು ಕಪ್ಪು ವೈರ್ ಸೇರಿಸಿ ಎಸ್‌ಎಂಪಿಎಸ್ ಆನ್ ಮಾಡುವ ಪರೀಕ್ಷೆ ಬಹಳ ಮಂದಿಗೆ ಗೊತ್ತು. ಆದರೆ ಅದರಿಂದ ತಿಳಿಯುವುದು ಎಸ್‌ಎಂಪಿಎಸ್ ಪೂರ್ತಿ ಸತ್ತಿಲ್ಲ ಅಂತ ಮಾತ್ರ. ಭಾರ ಇಲ್ಲದಾಗ, ಅಂದರೆ ಯಾವ ಭಾಗವೂ ಕರೆಂಟ್ ಎಳೆಯದಾಗ, ಫ್ಯಾನ್ ತಿರುಗಿತು ಅಂದರೆ ಭಾರ ಬಿದ್ದಾಗಲೂ ತಡೆದುಕೊಳ್ಳುತ್ತದೆ ಅಂತ ಅಲ್ಲ. ಈ ಪರೀಕ್ಷೆ ನಂಬಿ ಕೆಟ್ಟ ಎಸ್‌ಎಂಪಿಎಸ್‌ಗೆ ಸರಿ ಅಂತ ಸರ್ಟಿಫಿಕೇಟ್ ಕೊಟ್ಟು, ಒಳ್ಳೆಯ ಬೋರ್ಡ್ ಬದಲಿಸಿದವರನ್ನು ನೋಡಿ ಬೇಸರವಾಗಿದೆ.

ಮಲ್ಟಿಮೀಟರ್ ಇದ್ದರೆ ಯಂತ್ರ ನಡೆಯುತ್ತಿರುವಾಗ ಅಳೆಯಿರಿ. ಬಳಸದೆ ಉಳಿದ ನಾಲ್ಕು ಪಿನ್ನಿನ ಕನೆಕ್ಟರ್‌ನಲ್ಲಿ ಹಳದಿ ವೈರ್ ಮತ್ತು ಕಪ್ಪು ವೈರ್ ನಡುವೆ 11.4ರಿಂದ 12.6 ವೋಲ್ಟ್, ಕೆಂಪು ಮತ್ತು ಕಪ್ಪಿನ ನಡುವೆ 4.75ರಿಂದ 5.25 ವೋಲ್ಟ್ ಇರಬೇಕು. ಮೀಟರ್‌ನ ಎರಡು ಮೊನೆಗಳು ಒಂದಕ್ಕೊಂದು ತಾಗದಂತೆ ಎಚ್ಚರ. ಬಯೋಸ್ ತೋರಿಸುವ ವೋಲ್ಟೇಜ್ ಅಷ್ಟು ನಿಖರ ಅಲ್ಲ, ಅದೊಂದನ್ನೇ ನೆಚ್ಚಬೇಡಿ.

ನಂಬಬಹುದಾದ ಪರೀಕ್ಷೆ ಅಂದರೆ ಚೆನ್ನಾಗಿ ನಡೆಯುತ್ತಿರುವ, ಸಾಕಷ್ಟು ವ್ಯಾಟ್ ಇರುವ ಇನ್ನೊಂದು ಎಸ್‌ಎಂಪಿಎಸ್ ಹಾಕಿ ನೋಡುವುದು. ಹಾಕುವಾಗ ಅದರ ಜೊತೆಗೆ ಬಂದ ಕೇಬಲ್‌ಗಳನ್ನೇ ಬಳಸಿ. ಕೇಬಲ್ ಬಿಡಿಯಾಗಿ ಬರುವ ಎಸ್‌ಎಂಪಿಎಸ್‌ಗಳಲ್ಲಿ ಒಂದು ಕಂಪನಿಯ ಕೇಬಲ್ ಇನ್ನೊಂದರ ತೂತಿಗೆ ಸರಿಯಾಗಿ ಕೂರಬಹುದು, ಆದರೆ ಒಳಗಿನ ವೈರ್ ಕ್ರಮ ಬೇರೆ ಇರುತ್ತದೆ. ಹಾಕಿ ಆನ್ ಮಾಡಿದರೆ ಡಿಸ್ಕ್ ಅಥವಾ ಬೋರ್ಡ್ ಸುಟ್ಟುಹೋಗಬಹುದು.

## ಹಂತ 8: ಈಗ ವಿಂಡೋಸ್

ಯಂತ್ರ ಬಯೋಸ್‌ನಲ್ಲಿ ಅರ್ಧ ಗಂಟೆ ಸುಮ್ನೆ ನಿಲ್ಲುತ್ತದೆ, ಪೆನ್‌ಡ್ರೈವ್‌ನಿಂದ ಲಿನಕ್ಸ್ ಹಾಕಿ ನಡೆಸಿದರೂ ಒಂದು ಗಂಟೆ ನಿಲ್ಲುತ್ತದೆ, ವಿಂಡೋಸ್‌ನಲ್ಲಿ ಮಾತ್ರ ಆಫ್ ಆಗುತ್ತದೆ ಅಂದಾಗ ಮಾತ್ರ ಇಲ್ಲಿಗೆ ಬನ್ನಿ.

ಈವೆಂಟ್ ವ್ಯೂವರ್ (ವಿಂಡೋಸ್ ಬರೆದಿಟ್ಟ ದಾಖಲೆ ತೋರಿಸುವ ಪ್ರೋಗ್ರಾಮ್) ತೆರೆದು ಸಿಸ್ಟಮ್ ಲಾಗ್ ನೋಡಿ. ಕರ್ನಲ್ ಪವರ್ 41 ಅನ್ನುವ ಸಾಲು ಕಂಡರೆ ಅದನ್ನೇ ರೋಗದ ಹೆಸರು ಅಂದುಕೊಳ್ಳುವವರು ಜಾಸ್ತಿ. ಅದರ ಅರ್ಥ "ಹೋದ ಸಲ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ" ಅಂತ ಅಷ್ಟೇ. ಅದರೊಳಗೆ ಬಗ್‌ಚೆಕ್ ಕೋಡ್ (ದೋಷದ ಸಂಖ್ಯೆ) 0 ಇದ್ದರೆ ವಿಂಡೋಸ್‌ಗೆ ದೋಷ ದಾಖಲಿಸಲೂ ಸಮಯ ಸಿಕ್ಕಿಲ್ಲ, ಹಾಗಾಗಿ ಮತ್ತೆ ಹಂತ 7ರ ಕಡೆ ನೋಡಬೇಕು. 0 ಅಲ್ಲದಿದ್ದರೆ ವಿಂಡೋಸ್ ಕುಸಿದಾಗ ಕಾಣುವ ನೀಲಿ ಪರದೆ ಬಂದಿತ್ತು ಅಂತ. 1074 ಕಂಡರೆ ಯಾವ ಪ್ರೋಗ್ರಾಮ್ ಆಫ್ ಮಾಡಿಸಿತು ಅಂತ ಹೆಸರೇ ಅಲ್ಲಿರುತ್ತದೆ.

ನೀಲಿ ಪರದೆ ಕಣ್ಣಿಗೆ ಬೀಳುವ ಮೊದಲೇ ರೀಸ್ಟಾರ್ಟ್ ಆಗುತ್ತಿದ್ದರೆ ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್ ಒಳಗಿನ ಸ್ಟಾರ್ಟಪ್ ಅಂಡ್ ರಿಕವರಿಯಲ್ಲಿ ತಾನಾಗಿ ರೀಸ್ಟಾರ್ಟ್ ಆಗುವ ಗುರುತು ತೆಗೆಯಿರಿ. ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ ಎರಡು ದಿನ ನೋಡಿ. ಆಮೇಲೆ ಸೇಫ್ ಮೋಡ್, ಅಂದರೆ ತೀರಾ ಅಗತ್ಯದ ಡ್ರೈವರ್‌ಗಳಿಂದ ಮಾತ್ರ ವಿಂಡೋಸ್ ನಡೆಸಿ ನೋಡುವುದು. ಅಲ್ಲಿ ಆಫ್ ಆಗದಿದ್ದರೆ ಗ್ರಾಫಿಕ್ಸ್ ಡ್ರೈವರ್ ಪೂರ್ತಿ ತೆಗೆದು ಹೊಸದು ಹಾಕಿ. ವಿಂಡೋಸ್ ಮತ್ತೆ ಹಾಕುವುದು ಇದೆಲ್ಲ ಆದ ಮೇಲೆ.

ಬಯೋಸ್ ಅಪ್‌ಡೇಟ್ ಮಾತ್ರ ಈ ಹೊತ್ತಿನಲ್ಲಿ ಬೇಡವೇ ಬೇಡ. ಅರ್ಧದಲ್ಲಿ ಯಂತ್ರ ಆಫ್ ಆದರೆ ಬೋರ್ಡ್ ಮತ್ತೆ ಏಳದೇ ಹೋಗಬಹುದು.

## ದುರಸ್ತಿಗೆ ಕೊಡುವ ಹೊತ್ತು, ಸರಿಹೋಯಿತು ಅನ್ನುವ ಹೊತ್ತು

ಬೇರೆ ಎಸ್‌ಎಂಪಿಎಸ್, ಬೇರೆ ರ‍್ಯಾಮ್, ಕ್ಯಾಬಿನೆಟ್ ಹೊರಗಿನ ಬೋರ್ಡ್. ಮೂರೂ ಆದ ಮೇಲೂ ಆಫ್ ಆದರೆ ಉಳಿದದ್ದು ಬೋರ್ಡ್ ಅಥವಾ ಪ್ರೊಸೆಸರ್. ಪ್ರೊಸೆಸರ್ ಕೆಡುವುದು ಕಡಿಮೆ. ಸಾಕೆಟ್‌ನಲ್ಲಿ ಪಿನ್ ಬಾಗಿದೆಯಾ ಅಂತ ನೋಡಿ, ಬಾಗಿದ್ದರೆ ನೀವೇ ನೆಟ್ಟಗೆ ಮಾಡಲು ಹೋಗಬೇಡಿ. ದುರಸ್ತಿಗೆ ಕೊಡುವಾಗ ಸೆಕೆಂಡು ಬರೆದ ಪುಸ್ತಕವನ್ನೂ ಕೊಡಿ. ನೋಡುವವರ ಅರ್ಧ ದಿನ ಉಳಿಯುತ್ತದೆ.

ದೋಷ ಸಿಕ್ಕಿತು ಅಂತ ಕ್ಯಾಬಿನೆಟ್ ಮುಚ್ಚುವ ಆತುರ ಬೇಡ. ಎಲ್ಲ ಭಾಗ ಸೇರಿಸಿ, ಬಿಸಿಯಿದ್ದಾಗ ಐದು ಸಲ ಆಫ್ ಮಾಡಿ ಆನ್ ಮಾಡಿ. ಆಮೇಲೆ ರಾತ್ರಿಯಿಡೀ ಪ್ಲಗ್ ಕಿತ್ತಿಟ್ಟು, ಬೆಳಿಗ್ಗೆ ಪೂರ್ತಿ ತಣ್ಣಗಿರುವಾಗ ಒತ್ತಿ ನೋಡಿ. ಹೀಗೆ ಮೂರು ಬೆಳಿಗ್ಗೆ ಒಂದೇ ಒತ್ತಿಗೆ ಡೆಸ್ಕ್‌ಟಾಪ್ ತನಕ ಬಂದರೆ ಆಗ ಸ್ಕ್ರೂ ಬಿಗಿ ಮಾಡಿ.